ಅರ್ಧ ಪಾಸ್‌ವರ್ಡ್

ನಮ್ಮ ಮೇಡಂ ಅವರ ಬಲಗೈ ತೋರುಬೆರಳಿನ ತುದಿ ನುಣ್ಣಗಿತ್ತು. ಚಿಕ್ಕಂದಿನಲ್ಲಿ ರೊಟ್ಟಿ ಹಂಚು ತಾಗಿ ಸುಟ್ಟದ್ದಂತೆ. ಯಾವ ಫೋನೂ ಆ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ. “ನಾ ಕಳವು ಮಾಡಿದ್ರ ಪೊಲೀಸರಿಗೂ ಸಿಗಂಗಿಲ್ಲ ನೋಡು” ಎಂದು ನಗುತ್ತಿದ್ದರು.

ಹೊಸ ತಿಪ್ಪಸಂದ್ರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ವಯಸ್ಸಾದವರಿಗೆ ಮಾತ್ರೆಯ ಹೊತ್ತಿಗೆ ಗಂಟೆ ಬಾರಿಸುವ ಆ್ಯಪ್ ನಮ್ಮದು. ಮೇಡಂ ಧಾರವಾಡದ ಕಡೆಯವರು. ಹಲಸೂರಿನವನಾದ ನನ್ನನ್ನು ಕರೆಯುತ್ತಿದ್ದುದೇ “ಏ ಹಲಸೂರ” ಎಂದು. ಕೆಲಸ ಕಲಿಸಿದ್ದೂ ಅವರೇ, ಬೈದದ್ದೂ ಅವರೇ.

ಆ್ಯಪ್ ಹೊರಗೆ ಹೋಗುವ ಮುನ್ನ, ಕದಿಯುವವರಿಗೆ ಅರ್ಥವಾಗದಿರಲೆಂದು ಅದರ ಕೋಡಿನಲ್ಲಿ ನಾವಿಟ್ಟ ಹೆಸರುಗಳನ್ನೆಲ್ಲ ಎ, ಬಿ, ಸಿ ಎಂದು ಬದಲಿಸುತ್ತೇವೆ. ಒಮ್ಮೊಮ್ಮೆ ಬೇಕಾದ ಹೆಸರೂ ಅಳಿಸಿಹೋಗಿ, ನಮ್ಮ ಕಂಪ್ಯೂಟರಿನಲ್ಲಿ ನಡೆದದ್ದು ಜನರ ಫೋನಿನಲ್ಲಿ ಸುಮ್ಮನಾಗಿಬಿಡುತ್ತದೆ. “ನಿನ್ನ ಟೇಬಲ್ ಮ್ಯಾಲೆ ನಡದ್ರ ನಡದಂಗಲ್ಲ, ಮಂದಿ ಕೈಯಾಗ ನಡೀಬೇಕು” ಎನ್ನುತ್ತಿದ್ದರು. ಹಾಗಾಗಿ ಪ್ರತಿ ಸಲ ಒಂದು ಹಳೆಯ ಫೋನಿಗೆ ಹಾಕಿ ನೋಡಲೇಬೇಕು. ಆಮೇಲೆ ಸಹಿ, ಅಂದರೆ ಆ್ಯಪ್ ನಮ್ಮದೇ ಎಂದು ಕಂಪ್ಯೂಟರಿನಲ್ಲಿ ಒತ್ತುವ ಗುರುತು. ಅದೇ ಸಹಿ ಇಲ್ಲದಿದ್ದರೆ ಯಾರ ಫೋನೂ ಹೊಸ ಆ್ಯಪನ್ನು ಒಳಗೆ ಬಿಟ್ಟುಕೊಳ್ಳದು. ಸಹಿಯ ಪಾಸ್‌ವರ್ಡ್ ಅರ್ಧ ನನಗೆ ಗೊತ್ತು, ಅರ್ಧ ಅವರಿಗೆ. ಒಬ್ಬರು ಒತ್ತುವಾಗ ಇನ್ನೊಬ್ಬರು ಕಿಟಕಿಯತ್ತ ತಿರುಗಬೇಕು. “ನನಗೇನರ ಆದ್ರ ನಮ್ಮವ್ವನ್ನ ಕೇಳು” ಎಂದೂ ಹೇಳಿಟ್ಟಿದ್ದರು.

ಆ ಶನಿವಾರ ಸಂಜೆ ನನಗೆ ಕ್ರಿಕೆಟ್ ಮ್ಯಾಚಿನ ಅವಸರ.

“ಹಳೇ ಫೋನಿನ್ಯಾಗ ಗಂಟಿ ಬಾರಿಸ್ತೇನ?”

“ಬಾರಿಸ್ತು ಮೇಡಂ” ಎಂದುಬಿಟ್ಟೆ. ನಾನು ಆ ಫೋನನ್ನು ಮುಟ್ಟಿಯೂ ಇರಲಿಲ್ಲ. ಅವರು ನಂಬಿ ತಮ್ಮ ಅರ್ಧ ಒತ್ತಿದರು.

ಭಾನುವಾರ ಬೆಳಗ್ಗೆ ಹೃದಯಾಘಾತವಾಗಿ ಮೇಡಂ ತೀರಿಕೊಂಡರು. ಸೋಮವಾರ ಒಂದರ ಹಿಂದೊಂದು ಕರೆ: ಗಂಟೆ ಬಾರಿಸುತ್ತಿಲ್ಲ, ಅಜ್ಜನ ಮಾತ್ರೆ ತಪ್ಪಿತು, ಅಮ್ಮನಿಗೆ ಸಕ್ಕರೆ ಏರಿತು. ತಪ್ಪು ಸಿಕ್ಕಿತು, ಸರಿಪಡಿಸಿದೆ. ಸಹಿಗೆ ಮಾತ್ರ ಅವರ ಅರ್ಧ ಬೇಕಿತ್ತು.

ಮಂಗಳವಾರ ಬಾಣಸವಾಡಿಯ ಅವರ ಮನೆಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. ಅವರ ತಾಯಿ ಏನೂ ಕೇಳದೆ ಬೀರುವಿನಿಂದ ಮಗಳು ಬರೆದಿಟ್ಟಿದ್ದ ಚೀಟಿ ತಂದುಕೊಟ್ಟರು. ಜೊತೆಗೆ ತಮ್ಮ ಫೋನನ್ನೂ ಮುಂದೆ ಹಿಡಿದರು.

“ಮೂರು ದಿನಾತು, ಮಾತ್ರಿ ಗಂಟಿ ಬಾರಿಸವಲ್ದು. ಆಕಿ ಹೋಗಿದ್ದು ಇದಕ್ಕೂ ತಿಳೀತೇನೋ ಅನ್ಕೊಂಡೆ.”

ಅಲ್ಲೇ ನೆಲದ ಮೇಲೆ ಕೂತು ಸಹಿ ಹಾಕಿದೆ. ಹೊಸದನ್ನು ಅವರ ಫೋನಿಗೆ ಇಳಿಸಿದೆ. ಗಂಟೆ ಬಾರಿಸಿತು.

“ಏನಾಗಿತ್ತೋ ತಮ್ಮಾ?”

“ತಪ್ಪು ನಂದೇ ಅಮ್ಮ. ನೋಡ್ದೇನೇ ನೋಡಿದೀನಿ ಅಂತ ಮೇಡಂಗೆ ಸುಳ್ಳು ಹೇಳ್ಬಿಟ್ಟೆ.”

“ಆಕಿಗೆ ಗೊತ್ತಾತೇನ?”

“ಇಲ್ಲಮ್ಮ.”

“ಹಂಗಾರ ಛಲೋ ಆತು ಬಿಡು. ನಿನ್ನ ಮ್ಯಾಲೆ ಭಾಳ ನಂಬಿಕಿ ಇತ್ತು ಆಕಿಗೆ” ಎಂದು ನನ್ನ ತಲೆ ಸವರಿದರು.

ಆ ತಾಯಿ ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.