ಅವ್ವ ಉಸಿರು ಹಿಡಿದ ಅರ್ಧ ನಿಮಿಷ

ನಮ್ಮ ಕೇರಿಯವರು ಸಿನಿಮಾ ತೆಗೆದಿದ್ದರು ಅಂದರೆ ಹರಪನಹಳ್ಳಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನೂ ಆಗಬೇಕಾಗಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಡೀ ಕೇರಿಗೆ ಒಂದೇ ನಲ್ಲಿ, ದಿನಾ ಜಗಳ. ವಯಸ್ಕರ ಶಾಲೆಯ ಮೇಷ್ಟ್ರು ಗೆಳೆಯನಿಂದ ಒಂದು ಸಣ್ಣ ಸಿನಿಮಾ ಕ್ಯಾಮೆರಾ ತಂದು, ‘ನಿಮ್ಮ ನೀರಿನ ಪಾಡು ನೀವೇ ತಗೀರಿ, ದೊಡ್ಡೋರಿಗೆ ತೋರ್ಸಾಣ’ ಅಂದರು. ಬೀಡಿ ಕಟ್ಟಿ ಪಳಗಿದ ಕೈ, ನಡುಗುವುದಿಲ್ಲ ಅಂತ ಅದು ನನ್ನ ಪಾಲಿಗೆ ಬಂತು. ಕೀಲಿ ಕೊಟ್ಟು ಗುಂಡಿ ಒತ್ತಿದರೆ ಅರ್ಧ ನಿಮಿಷ ಕರ್ರೆಂದು ಓಡಿ ನಿಲ್ಲುತ್ತಿತ್ತು. ಇದ್ದದ್ದು ಒಂದೇ ರೀಲು.

ಅವ್ವ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತ್ತು. ಮಳೆಗಾಲ ದಾಟುವುದು ಕಷ್ಟ ಅಂತ ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತಿತ್ತು. ಅವಳದೊಂದೂ ಫೋಟೋ ಇರಲಿಲ್ಲ. ನಮ್ಮಲ್ಲಿ ಫೋಟೋದವನನ್ನು ಕರೆಸುವುದೇ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದ ಮೇಲೆ.

‘ಅವಾಗ ತಗಸ್ತೀರಿ, ನಾ ನೋಡಂಗಿಲ್ಲ. ಆ ಡಬ್ಬಿಯಾಗ ನನ್ನೂ ಒಂದೀಟು ತಗಿ. ನಾ ಹೆಂಗ ಅದೀನಿ ಅಂತ ಒಮ್ಮೆರ ನೋಡ್ತೀನಿ’ ಅಂದಳು. ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ತೆಗೆಯುವ ದಿನ ಮೇಷ್ಟ್ರು ಚಿಗಟೇರಿಗೆ ಹೋಗಿದ್ದರು. ಇದ್ದಿದ್ದರೆ ಹೇಳುತ್ತಿದ್ದರೋ ಏನೋ. ನಲ್ಲಿಯ ಮುಂದೆ ಹೆಂಗಸರೆಲ್ಲ ತಲೆ ಬಾಚಿಕೊಂಡು, ಸೆರಗು ಹೊದ್ದು, ಕೊಡ ಹಿಡಿದು ಸಾಲಾಗಿ ನಿಂತರು. ನಾನು ಸ್ಟುಡಿಯೋದವನ ಗತ್ತಿನಲ್ಲಿ, ‘ಯಾರೂ ಅಲ್ಲಾಡಬ್ಯಾಡ್ರಿ, ಉಸುರು ಹಿಡೀರಿ’ ಅಂದೆ. ಹಿಡಿದರು. ಟೆಂಟಿನಲ್ಲಿ ಎಷ್ಟು ಸಿನಿಮಾ ನೋಡಿದ್ದೆವು, ಓಡುವುದು, ಕುಣಿಯುವುದು, ಹೊಡೆದಾಡುವುದು. ನಮ್ಮ ಕೈಯಲ್ಲಿರುವುದೂ ಅದೇ ಅಂತ ಒಬ್ಬರಿಗಾದರೂ ಹೊಳೆಯಬೇಡವೇ? ನಮ್ಮಂಥವರನ್ನು ತೆಗೆಯುವುದು ಅಂದರೆ ಫೋಟೋ, ಅಷ್ಟೇ.

ಕೊನೆಯ ಕೀಲಿ ಅವ್ವನಿಗೆ. ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಎದೆಯಲ್ಲಿ ಕೆಮ್ಮು ಒತ್ತಿ ಬರುತ್ತಿತ್ತು. ‘ಕೆಮ್ಮಬ್ಯಾಡಬೇ, ಎಲ್ಲಾ ಕೆಡ್ತೈತಿ’ ಅಂದೆ. ತಡೆದುಕೊಂಡಳು.

ರೀಲು ತೊಳೆಯಲು ಬೊಂಬಾಯಿಗೆ ಹೋಯಿತು. ಅವ್ವ ದಿನಾ ‘ಬಂತೇನ?’ ಅಂತ ಕೇಳುವಳು. ‘ಬರ್ತೈತಿ, ಸುಮ್ನಿರು’ ಅಂತ ನಾನು ರೇಗುವೆ. ಶ್ರಾವಣಕ್ಕೆ ಮುಂಚೆ ಹೋಗಿಬಿಟ್ಟಳು. ಕುರ್ಚಿ ತಂದರು, ಫೋಟೋದವನೂ ಬಂದ. ಬೇಡ ಅಂತ ಕಳಿಸಿದೆ. ರೀಲು ಬರುವುದಿತ್ತಲ್ಲ. ನನಗೆ ಅಳು ಬರಲಿಲ್ಲ, ಅವತ್ತೂ ಆಮೇಲೂ. ಒಳಗೆ ಏನೋ ಮರಗಟ್ಟಿತ್ತು. ಬೀಡಿ ಕಟ್ಟುತ್ತಾ ಕೂತಿರುತ್ತಿದ್ದೆ.

ಅವ್ವ ಹೋದ ಹದಿನೈದು ದಿನಕ್ಕೆ ರೀಲು ಬಂತು. ಮಧ್ಯಾಹ್ನ ಶಾಲೆಯ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಟ್ಟರು. ನಲ್ಲಿ ಕಂಡಿತು, ಸಾಲು ಕಂಡಿತು. ಒಬ್ಬರೂ ಮಿಸುಕುತ್ತಿಲ್ಲ. ‘ಅಯ್ಯ, ಗೊಂಬಿ ನಿಂತಂಗ ನಿಂತೀವಲ್ಲೇ’ ಅಂತ ಪಕ್ಕದ ಮನೆಯ ಚಿಗವ್ವ ನಗತೊಡಗಿದಳು. ಮೇಷ್ಟ್ರು ಹಣೆ ಹಿಡಿದುಕೊಂಡರು. ‘ಇದನ್ನ ನೋಡಿದೋರು, ಇವರಿಗೆ ನೀರಿನ ತ್ರಾಸೇ ಇಲ್ಲ ಅಂತಾರ’ ಅಂದರು. ತಪ್ಪು ನನ್ನದೇ. ನಾಚಿಕೆ ಆಗಬೇಕಿತ್ತು, ಅದೂ ಆಗಲಿಲ್ಲ.

ಆಮೇಲೆ ಅವ್ವ ಬಂದಳು. ನಗು ನಿಂತಿತು. ನಿಂತೇ ಇದ್ದಳು. ಗಾಳಿಗೆ ಸೆರಗು ಮಾತ್ರ ಆಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಕೊನೆಗೆ ತುಟಿ ಅಲುಗಿತು. ರೀಲಿಗೆ ಸದ್ದಿರಲಿಲ್ಲ.

‘ಏನಂತಾಳಲೇ ನಿಮ್ಮವ್ವ?’ ಅಂದಳು ಚಿಗವ್ವ.

ಅವತ್ತು ಬಾಗಿಲಲ್ಲಿ ನಿಂತು ಅವ್ವ ‘ಆತೇನ? ಉಸುರು ಬಿಡ್ಲ್ಯಾ?’ ಅಂತ ಕೇಳಿದ್ದಳು. ‘ಇನ್ನೊಂಚೂರು ತಡಿ’ ಅಂದಿದ್ದೆ. ಪಂಚೆಯ ಮೇಲೆ ಅವ್ವ ಮತ್ತೆ ತುಟಿ ಮುಚ್ಚಿದಳು. ರೀಲು ಮುಗಿದು ಪಂಚೆ ಬೆಳ್ಳಗಾಯಿತು.