ಮೊದಲು ಹಾಯಿ ಬಿಚ್ಚುವವರು

ನಮ್ಮ ಪಕ್ಕದ ಮನೆಯ ಮಾಸ್ಟ್ರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಹೊಳೆಯ ಮೇಲಿನ ಬಿಸಿಲ ಝಳ ನೋಡಿ ನೋಡಿ ಹಾಗಾದದ್ದಂತೆ. ಮಾತಾಡಿಸಿದರೆ ನಮ್ಮನ್ನೂ ದೂರದ ದೋಣಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ನಾನು ಮದುವೆಯಾಗಿ ಕುಂದಾಪುರಕ್ಕೆ ಬಂದದ್ದು ಅರವತ್ತರ ದಶಕದಲ್ಲಿ. ಆಗ ಮಳೆ ಕಳೆದ ಮೇಲೆ ಹೊಳೆಯಲ್ಲಿ ಹಾಯಿದೋಣಿ ಪಂದ್ಯ ನಡೆಯುತ್ತಿತ್ತು. ಗಂಗೊಳ್ಳಿ ಬದಿ ಮುಟ್ಟಿ ಹಿಂದೆ ಬರಬೇಕು. ದೋಣಿ ಹೊರಡಿಸುವ ಕೆಲಸ ಮಾಸ್ಟ್ರದ್ದು. ಶಾಲೆಯಲ್ಲಿ ಉಪ್ಪಿಟ್ಟು ಬಡಿಸುವಾಗಲೂ ಸಮ, ಸಮ ಎನ್ನುವ ಮನುಷ್ಯ. ಮೊದಲೆಲ್ಲ ದೋಣಿಗಳು ಒಟ್ಟಿಗೆ ಹೊರಡುತ್ತಿದ್ದವು. ಗಾಳಿಯ ಬದಿಗೆ ನಿಂತ ದೋಣಿ ಉಳಿದವರ ಗಾಳಿಯನ್ನೆಲ್ಲ ತಡೆಯುತ್ತದೆ ಎಂದು ತಕರಾರು ಬಂತು. ಅದಕ್ಕೆ ಮಾಸ್ಟ್ರು ಹೊಸ ಕ್ರಮ ಮಾಡಿದರು. ದಂಡೆಯಲ್ಲಿ ಅವರು ಹೆಗಲ ಮೇಲಿನ ಕೆಂಪು ವಸ್ತ್ರ, ಬೈರಾಸು, ಎತ್ತಿ ಹಿಡಿದಿರುವಷ್ಟು ಹೊತ್ತು ಯಾರು ಯಾವಾಗ ಬೇಕಾದರೂ ಹೊರಡಬಹುದು; ಅವರವರು ಹೊರಟಲ್ಲಿಂದ ಅವರವರ ಹೊತ್ತಿನ ಲೆಕ್ಕ.

ಕೇಳಲು ಚೆಂದವೇ. ಆದರೆ ಮಾಸ್ಟ್ರ ಹೆಂಡತಿಯ ತಮ್ಮ, ಹಂಚು ಸಾಗಿಸುವ ದೋಣಿಯವನು, ಬೈರಾಸು ಏರಿದ್ದೇ ಹೊರಟುಬಿಟ್ಟ. ಅವನ ಹಾಯಿ ಎಲ್ಲಿ ತುಂಬುತ್ತದೆ, ಎಲ್ಲಿ ಜೋಲುತ್ತದೆ ಎಂದು ನೋಡಿಕೊಂಡ ಉಳಿದವರು ನಿಧಾನಕ್ಕೆ ಹೊರಟು ಅವನನ್ನು ಸೋಲಿಸಿದರು.

ಸಂಜೆ ಅವನು ಮಾಸ್ಟ್ರ ಜಗಲಿಗೆ ಬಂದ. ಕೂರಲಿಲ್ಲ.

"ಭಾವ, ದಾರಿ ತೋರ್ಸದ್ ನಾನ್, ಗೆದ್ದದ್ ಅವ್ರ್. ಇದ್ ಎಂತ ನ್ಯಾಯ?"

"ನೀನೂ ಕಾಯ್ಲಕ್ಕಿತ್ತಲ್ಲ ಮಾರಾಯ."

"ಎಲ್ಲರೂ ಕಾದ್ರೆ ಹೊರಡುದ್ ಯಾರ್?"

ಹಂಚು ಇಳಿಸಿ ಬಂದಾಗಲೆಲ್ಲ ಅಕ್ಕನ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದವನು ಅಂದಿನಿಂದ ಬರುವುದು ಬಿಟ್ಟ.

ಮರುವರ್ಷ ಎಲ್ಲರೂ ಬುದ್ಧಿವಂತರಾಗಿದ್ದರು. ಬೈರಾಸು ಏರಿತು, ಒಂದು ದೋಣಿಯೂ ಅಲುಗಲಿಲ್ಲ. ಒಬ್ಬನ ಹಗ್ಗ ಸಿಕ್ಕಾಗಿತ್ತು, ಇನ್ನೊಬ್ಬ ಎಲೆಯಡಿಕೆಗೆ ಸುಣ್ಣ ಹುಡುಕುತ್ತಿದ್ದ. "ಹ್ವಾಯ್, ನೀವ್ ದೊಡ್ಡೋರ್, ಮುಂದ್ ಹೋಯ್ನಿ" ಎಂದು ದೋಣಿಯಿಂದ ದೋಣಿಗೆ ಮರ್ಯಾದೆಯ ಮಾತು. ಕೊನೆಗೆ ಮಾಸ್ಟ್ರ ಕೈ ಸೋತು ಬೈರಾಸು ಇಳಿಯಿತು. ಪಂದ್ಯವೇ ಆಗಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ನಾವು ಹೆಂಗಸರು ಮನೆಗೆ ಬಂದು ಒಲೆ ಹಚ್ಚಿದೆವು.

ಅಂದು ಮಾಸ್ಟ್ರ ಹೆಂಡತಿ ಹೇಳಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. "ನಿಮ್ ಕಾನೂನ್ ಸಮ ಇರ್ಲಿ, ಬಿಡ್ಲಿ. ನನ್ ತಮ್ಮ ಬಪ್ಪ ಹಾಂಗ್ ಮಾಡಿ."

ಅದರ ಮುಂದಿನ ವರ್ಷ ಮಾಸ್ಟ್ರು ಚೀಟಿ ಎತ್ತಿಸಿದರು. ಚೀಟಿ ಬಂದ ಸರದಿಯಲ್ಲೇ ಒಬ್ಬೊಬ್ಬರಾಗಿ ಹೊರಡಬೇಕು; ಹೊತ್ತಿನ ಲೆಕ್ಕ ಆಗಲೂ ಅವರವರದೇ. ತಮ್ಮನಿಗೆ ಕೊನೆಯ ಸರದಿ. ಅದುವರೆಗೆ ಸತ್ತಂತಿದ್ದ ಪಡುಗಾಳಿ ಅವನು ಹೊರಡುವಾಗಲೇ ಎದ್ದಿತು; ಗೆದ್ದ. "ಚೀಟಿ ಮಡ್ಚದ್ ಭಾವ, ಎತ್ತದ್ ಮೈದ" ಎಂದು ಪೇಟೆಯಲ್ಲಿ ಮಾತಾಯಿತು. ಅಕ್ಕ ಬಾಳೆಕಾಯಿ ಪಲ್ಯ ಮಾಡಿ ಕಾದರು. ಅವನು ಬರಲಿಲ್ಲ. ಸೋತಾಗ ಸಿಟ್ಟು ಸರಿ, ಗೆದ್ದ ಮೇಲೂ ಯಾಕೆ ಬಾರದಾದನೋ ನಮಗ್ಯಾರಿಗೂ ಅರ್ಥವಾಗಲಿಲ್ಲ.

ಮಾಸ್ಟ್ರು ಪಂದ್ಯದ ಕೆಲಸವನ್ನೇ ಬಿಟ್ಟರು. ಆಮೇಲೆ ಜಗಲಿಯಲ್ಲಿ ಹುಣಸೆಬೀಜಗಳನ್ನು ದೋಣಿಗಳಂತೆ ಸಾಲಿಟ್ಟು ಸರಿಸುತ್ತಾ ಕೂರುತ್ತಿದ್ದರು. ಬೇಲಿಯ ಹತ್ತಿರ ಬಟ್ಟೆ ಒಣಹಾಕುವ ನನ್ನನ್ನು ಕರೆದು, "ನೀ ಹೇಳ್ ಕಾಂಬ ಹೆಣ್ಣೆ, ಇದ್ ಸಮ ಆಯ್ತಾ?" ಎನ್ನುತ್ತಿದ್ದರು. ಆ ಕೇರಿಯಲ್ಲಿ ಸೊಸೆಯಾದವಳ ಅಭಿಪ್ರಾಯ ಕೇಳಿದವರು ಅವರೊಬ್ಬರೇ. ಹೇಗಿಟ್ಟರೂ ಯಾವುದೋ ಒಂದು ಬೀಜಕ್ಕೆ ಅನ್ಯಾಯವಾದಂತೆ ನನಗೆ ಕಾಣುತ್ತಿತ್ತು. ಹೇಳಿದರೆ ಎಲ್ಲ ಕೂಡಿಸಿ ಮತ್ತೆ ಸಾಲಿಡುತ್ತಿದ್ದರು.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಮಾಸ್ಟ್ರು ತೀರಿಕೊಂಡರು. ತಮ್ಮ ಬಂದು ಹೆಗಲು ಕೊಟ್ಟ. ಸೂತಕ ಕಳೆದ ಮೇಲೂ ಬಂದ, ಗಂಜಿಗೆ ಕುಳಿತ. ಅಕ್ಕ ಅವನೆದುರೇ ಕುಳಿತುಬಿಟ್ಟರು, ನಾನೇ ಬಡಿಸಿದೆ. ಇಷ್ಟು ವರ್ಷ ಬಾರದ್ದು ಯಾಕೆಂದು ಕೇಳಿಯೇಬಿಟ್ಟೆ.

"ಗೆದ್ದ ಮೇಲೆ ಈ ಮನೆ ಅನ್ನ ಉಂಡ್ರೆ, ಭಾವನೇ ಗೆಲ್ಸದ್ ಅಂತ ಜನ ಹೇಳ್ತ್ರ್. ಅವ್ರ್ ಹೆಸ್ರ್ ಉಳೀಲಿ ಅಂದ್ಕಂಡೆ. ಈಗ ಬಂದ್ರೆ ಯಾರೂ ಎಂತ ಹೇಳುದಿಲ್ಲ, ಅಲ್ದಾ?"

ಅಕ್ಕ ಎದ್ದು ಒಳಗೆ ಹೋದರು. ಅವನನ್ನು ಹೊಗಳಬೇಕೋ ಬೈಯಬೇಕೋ ತಿಳಿಯದೆ ನಾನು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದೆ.