ನಿಂತ ಕಾರಿನ ವೇಗ ಇಪ್ಪತ್ತು!

"ಕಾರು ನಿಂತೇ ಉಂಟಲ್ವಾ? ಮತ್ತೆ ಈ ಮುಳ್ಳು ಇಪ್ಪತ್ತು ತೋರಿಸುವುದು ಎಂತಕ್ಕೆ ಮಾರಾಯ?"

ಮುಂದಿನ ಸೀಟಿನಲ್ಲಿ ಕುಳಿತ ಅಮ್ಮ ಕೇಳಿದಾಗ ನನ್ನ ಮುಖ ಸಣ್ಣದಾಯಿತು. ಡ್ಯಾಶ್‌ಬೋರ್ಡಿನ ಹಸಿರು ಬೆಳಕು ಬೇಸರ ಬಂದು, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಅಂದು ಬೆಳಿಗ್ಗೆ ಮನೆಯಲ್ಲೇ ನೀಲಿ ಲೈಟ್ ಹಾಕಿದ್ದೆ. ಅದಕ್ಕಾಗಿ ಕಿತ್ತಿದ್ದ ಸ್ಪೀಡಿನ ಮುಳ್ಳನ್ನು ಮರಳಿ ಕೂರಿಸುವಾಗ ಎಡವಟ್ಟಾಗಿತ್ತು.

"ಕತ್ತಲಾಗಲಿ ಅಮ್ಮ, ನೀಲಿ ಬಣ್ಣ ಎಷ್ಟು ಚಂದ ಉಂಟು ನೋಡು" ಎಂದು ಮಾತು ತಿರುಗಿಸಿ ಅಂಬಲಪಾಡಿಯಿಂದ ಹೊರಟೆ. ಕಾರ್ಕಳದ ದೊಡ್ಡಮ್ಮನ ಮನೆಗೆ ಹೋಗುವುದಿತ್ತು.

ಮಣಿಪಾಲ ದಾಟಿದೊಡನೆ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು "ನಿಧಾನ, ನಿಧಾನ" ಎಂದು ಶುರು ಮಾಡುವುದು ಅಮ್ಮನ ಕ್ರಮ. ಆ ಸಂಜೆ ಸದ್ದೇ ಇಲ್ಲ. ಮುಳ್ಳು ಎಂಬತ್ತು ಮುಟ್ಟಿದರೆ ಕಾಲು ಸಡಿಲಿಸುವುದು ನನ್ನ ಹಳೆಯ ಅಭ್ಯಾಸ. ಈಗಿನ ಎಂಬತ್ತು ನಿಜಕ್ಕೂ ಅರುವತ್ತು ಎಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ! ಬಸ್ಸುಗಳೆಲ್ಲ ಹಾರ್ನ್ ಹಾಕುತ್ತ ನಮ್ಮನ್ನು ದಾಟಿ ಹೋದವು. ಹಿರಿಯಡ್ಕದ ಹತ್ತಿರ ಪಕ್ಕಕ್ಕೆ ನೋಡಿದರೆ, ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ನಿದ್ದೆ ಹೋಗಿದ್ದರು. ನಾನು ಬಿಡುವ ಕಾರಿನಲ್ಲಿ ಅವರು ಕಣ್ಣು ಮುಚ್ಚಿದ್ದು ಅದೇ ಮೊದಲು.

ಮುಳ್ಳನ್ನು ಮರುದಿನವೇ ಸರಿ ಮಾಡಿಸಿದೆ. ಆದರೆ ಅಮ್ಮ ಪಕ್ಕದಲ್ಲಿದ್ದರೆ ಈಗ ಅರುವತ್ತಕ್ಕೇ ನನ್ನ ಕಾಲು ಸಡಿಲವಾಗುತ್ತದೆ. ಅಷ್ಟು ಕಷ್ಟಪಟ್ಟು ಹಾಕಿದ ನೀಲಿ ಬಣ್ಣವನ್ನು ಮಾತ್ರ ಅವರು ಇನ್ನೂ ನೋಡಿಲ್ಲ. ಕತ್ತಲಾಗಿ ನಾನು ಲೈಟ್ ಹಾಕುವಷ್ಟರಲ್ಲಿ ಅವರಿಗೆ ಒಳ್ಳೆಯ ನಿದ್ದೆ.